ಬರೀ ಎಚ್‌ಪಿ ಅಂಕಿ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಕಂಪನಿಯಿಂದಲೇ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಹಾಕಿಕೊಂಡು ಬಂದ ಕಾರು, ಎಂಜಿನ್ ಒಳಗೆ ಏನನ್ನೂ ಮುಟ್ಟಿಲ್ಲ, ಎಷ್ಟು ಎಚ್‌ಪಿವರೆಗೆ ಏರಿಸಬಹುದು ಅಂತ. ಉತ್ತರ ಒಂದೇ ಸಾಲಿನಲ್ಲಿತ್ತು: ಕಂಪನಿ ಕೊಟ್ಟಿದ್ದಕ್ಕಿಂತ ಶೇ 40ರಷ್ಟು ಜಾಸ್ತಿ ಮಾಡಿದರೂ ತೊಂದರೆಯಿಲ್ಲ. ಮುಗೀತು. ಯಾವ ಎಂಜಿನ್, ಯಾವ ಪೆಟ್ರೋಲ್, ಎಷ್ಟು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು), ಒಂದೂ ಇಲ್ಲ. ಎಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಇಂಥ ಒಂದು ಸಾಲು ನಂಬಿ ಕೆಟ್ಟ ಎಂಜಿನ್‌ಗಳು ನನ್ನ ಬೆಂಚಿಗೆ ಬರುತ್ತಲೇ ಇರುತ್ತವೆ. ಅದಕ್ಕೇ ಈ ಪತ್ರ. ಉದ್ದ ಆಯಿತು ಅಂತ ಕತ್ತರಿ ಹಾಕುವುದಾದರೆ ಹಾಕಿ, ಅಂಕಿಗಳನ್ನು ಮಾತ್ರ ಬಿಡಿ.

ಬಂಡಿಗೆ ಎಷ್ಟು ಮೂಟೆ ಹೇರಬಹುದು ಅಂತ ಯಾರಾದರೂ ಕೇಳಿದರೆ, ದಾರಿ ಎಂಥದ್ದು ಅಂತ ನಾವು ಮೊದಲು ಕೇಳುತ್ತೇವೆ ಅಲ್ವಾ? ಇಲ್ಲೂ ಹಾಗೇ. ಎಚ್‌ಪಿ ಅನ್ನುವುದು ಟಾರ್ಕ್ (ತಿರುಚುವ ಬಲ) ಮತ್ತು ಆರ್‌ಪಿಎಂ ಗುಣಿಸಿ ತೆಗೆದ ಒಂದು ಲೆಕ್ಕ. ಎಂಜಿನ್ ಒಡೆಯುವುದು ಆ ಲೆಕ್ಕದಿಂದಲ್ಲ, ಒಳಗಿನ ಒತ್ತಡ, ಎಳೆತ ಮತ್ತು ಬಿಸಿಯಿಂದ. 300 ಎಚ್‌ಪಿಯನ್ನು 6500 ಆರ್‌ಪಿಎಂನಲ್ಲಿ ತೆಗೆದರೆ ಟಾರ್ಕ್ ಸುಮಾರು 330 ನ್ಯೂಟನ್ ಮೀಟರ್. ಅದೇ 300 ಎಚ್‌ಪಿ 4000 ಆರ್‌ಪಿಎಂನಲ್ಲೇ ಬೇಕು ಅಂದರೆ ಸುಮಾರು 535. ಪೇಪರಿನಲ್ಲಿ ಎರಡೂ ಒಂದೇ. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಮಾತ್ರ ಎರಡಕ್ಕೂ ಬಹಳ ವ್ಯತ್ಯಾಸ. ಸಿಲಿಂಡರಿನ ಒತ್ತಡ 80 ಬಾರ್ ಮುಟ್ಟಿತು ಅನ್ನಿ. 90 ಮಿಲಿಮೀಟರ್ ಬೋರಿನ (ಸಿಲಿಂಡರಿನ ಅಗಲ) ಪಿಸ್ಟನ್ ತಲೆಯ ಮೇಲೆ ಆ ಕ್ಷಣ ಬೀಳುವ ಭಾರ ಸುಮಾರು ಐದು ಟನ್. ಅದನ್ನು ಹೊತ್ತುಕೊಳ್ಳಬೇಕಾದ್ದು ಆ ರಾಡೇ.

ಆರ್‌ಪಿಎಂ ಮಾಡುವ ಹಾನಿ ಬೇರೆ ಥರದ್ದು. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಮೇಲಕ್ಕೆ ಹೋಗಿ ತಟ್ಟನೆ ತಿರುಗಬೇಕು. ಮೇಲಿಂದ ತಡೆದು ಒತ್ತುವುದಕ್ಕೆ ಆಗ ಏನೂ ಇರುವುದಿಲ್ಲ. ಪಿಸ್ಟನ್ ರಾಡನ್ನು ಹಿಡಿದು ಎಳೆಯುತ್ತದೆ, ರಾಡ್ ಬೋಲ್ಟು ತಡೆದುಕೊಳ್ಳಬೇಕು. ಈ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6000ದಿಂದ 7000ಕ್ಕೆ ಹೋದರೆ ಆರ್‌ಪಿಎಂ ಏರಿದ್ದು ಶೇ 17, ಎಳೆತ ಏರಿದ್ದು ಶೇ 36. ಬೂಸ್ಟ್ (ಸೂಪರ್‌ಚಾರ್ಜರ್ ತುಂಬುವ ಗಾಳಿಯ ಒತ್ತಡ) ಮುಟ್ಟದೆ ರೆವ್ ಲಿಮಿಟ್ (ಆರ್‌ಪಿಎಂನ ಮೇಲ್ಮಿತಿ) ಒಂದನ್ನೇ ಏರಿಸಿ ‘ನಾನೇನೂ ಜಾಸ್ತಿ ಮಾಡಿಲ್ಲ ಸಾರ್’ ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಸೂಪರ್‌ಚಾರ್ಜರ್ ಯಾವ ಜಾತಿಯದ್ದು ಅನ್ನುವುದೂ ಇಲ್ಲಿಗೇ ಸೇರುತ್ತದೆ. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಬಗೆಯವು ಕೆಳಗಿನ ಆರ್‌ಪಿಎಂನಿಂದಲೇ ತುಂಬು ಬೂಸ್ಟ್ ಕೊಡುತ್ತವೆ, ಓಡಿಸಲು ಅದೇ ಮಜಾ. ರಾಡಿಗೆ ಪೆಟ್ಟು ಬೀಳುವುದೂ ಆ ನಡು ಆರ್‌ಪಿಎಂನಲ್ಲೇ. ಸೆಂಟ್ರಿಫ್ಯೂಗಲ್ ಬಗೆಯದು ಕೆಳಗೆ ಸುಮ್ನಿದ್ದು ಮೇಲೆ ಹೋದಂತೆ ಬೂಸ್ಟ್ ಏರಿಸುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬಾರದು.

ಈಗ ಒಳಗಿನ ಪಾರ್ಟುಗಳ ವಿಷಯ. ಜನರಲ್ ಮೋಟಾರ್ಸ್ 2009ರ ಮಾಡೆಲ್‌ಗೆ ಎರಡು ಸೂಪರ್‌ಚಾರ್ಜರ್ ವಿ8 ತಂದಿತು. ಕ್ಯಾಡಿಲಾಕ್ ಸಿಟಿಎಸ್-ವಿಗೆ ಎಲ್‌ಎಸ್‌ಎ, ಕಾರ್ವೆಟ್ ಝಡ್‌ಆರ್1ಗೆ ಎಲ್‌ಎಸ್9. ಎರಡೂ 6.2 ಲೀಟರ್, ಒಂದೇ ಮನೆತನ. ಮೊದಲನೆಯದು 556 ಎಚ್‌ಪಿ, ಎರಡನೆಯದು 638. ವ್ಯತ್ಯಾಸ ಬರೀ 82 ಎಚ್‌ಪಿ. ಅಷ್ಟಕ್ಕೇ ಕಂಪನಿಯವರು ಎರಕದ ಪಿಸ್ಟನ್ ಬಿಟ್ಟು ಫೋರ್ಜ್ ಮಾಡಿದ (ಬಡಿದು ಗಟ್ಟಿ ಮಾಡಿದ) ಪಿಸ್ಟನ್ ಹಾಕಿದರು, ರಾಡನ್ನು ಟೈಟಾನಿಯಂಗೆ ಬದಲಿಸಿದರು, ಬ್ಲೋವರನ್ನು (ಸೂಪರ್‌ಚಾರ್ಜರಿಗೇ ಇನ್ನೊಂದು ಹೆಸರು) 1.9 ಲೀಟರಿನಿಂದ 2.3ಕ್ಕೆ ಹಿಗ್ಗಿಸಿದರು. ಎಂಜಿನ್ ಮಾಡಿದವರೇ ಇಷ್ಟು ಎಚ್ಚರ ವಹಿಸಿದ್ದಾರೆ. ನಾವು ಒಂದು ಪುಲ್ಲಿ (ಬ್ಲೋವರ್ ತಿರುಗಿಸುವ ಬೆಲ್ಟಿನ ಗಾಲಿ) ಬದಲಿಸಿ ಅಷ್ಟೇ ಏರಿಕೆ ಬೇಕು ಅನ್ನುತ್ತೇವೆ.

ಫೋರ್ಡಿನದ್ದು ಇನ್ನೂ ಸ್ವಾರಸ್ಯ. 2001ರ ಮಸ್ಟ್ಯಾಂಗ್ ಕೋಬ್ರಾ 4.6 ಲೀಟರ್, ಸೂಪರ್‌ಚಾರ್ಜರ್ ಇಲ್ಲದೆ 320 ಎಚ್‌ಪಿ. 2003ರ ಕೋಬ್ರಾ ಅದೇ 4.6 ಲೀಟರ್, ಈಟನ್ ಸೂಪರ್‌ಚಾರ್ಜರ್ ಸಮೇತ 390. ಹೆಸರು ಅದೇ, ಲೀಟರ್ ಅದೇ. ಒಳಗೆ ಮಾತ್ರ ಅಲ್ಯೂಮಿನಿಯಂ ಬ್ಲಾಕ್ ಹೋಗಿ ಕಬ್ಬಿಣದ ಬ್ಲಾಕ್ ಬಂತು, ಪಿಸ್ಟನ್ ಮತ್ತು ರಾಡ್ ಫೋರ್ಜ್ ಆದವು, ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 9.85ರಿಂದ 8.5ಕ್ಕೆ ಇಳಿಯಿತು. 2003ರ ಎಂಜಿನ್ 500 ಎಚ್‌ಪಿ ದಾಟಿದರೂ ಜಗ್ಗುವುದಿಲ್ಲ ಅಂತ ಹೆಸರು ಮಾಡಿತು. ಆ ಹೆಸರನ್ನು ನಂಬಿ 2001ರ ಎಂಜಿನ್‌ಗೆ ಹೊರಗಿನ ಬ್ಲೋವರ್ ಕೂರಿಸಿ ಅಷ್ಟೇ ಕೇಳಿದರೆ, ರಾಡು ಬ್ಲಾಕ್ ಸೀಳಿಕೊಂಡು ಹೊರಗೆ ಬಂದರೂ ಬಂತು. ‘ಕೋಬ್ರಾ ಎಂಜಿನ್ 500 ತಡೆಯುತ್ತೆ’ ಅನ್ನುವ ಮಾತಿನಲ್ಲಿ ಸುಳ್ಳಿಲ್ಲ. ಯಾವ ವರ್ಷದ್ದು ಅನ್ನುವುದೊಂದೇ ಬಿಟ್ಟುಹೋಗಿರುತ್ತದೆ.

ಪೆಟ್ರೋಲಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಬರೀ ಜಾಸ್ತಿ ಪವರ್‌ನಿಂದ ಸತ್ತ ಎಂಜಿನ್ ಕಡಿಮೆ, ನಾಕಿಂಗ್‌ನಿಂದ ಸತ್ತಿದ್ದೇ ಹೆಚ್ಚು. ಸ್ಪಾರ್ಕ್ ಆದ ಮೇಲೆ ಬೆಂಕಿ ಪ್ಲಗ್‌ನಿಂದ ಅಂಚಿನ ಕಡೆಗೆ ಹರಡುತ್ತಾ ಹೋಗಬೇಕು. ಬೂಸ್ಟ್ ಜಾಸ್ತಿ, ಗಾಳಿ ಬಿಸಿ, ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಸಾಲದು ಅಂತಾದರೆ ಅಂಚಿನಲ್ಲಿ ಉಳಿದ ಮಿಶ್ರಣ ಬೆಂಕಿ ಬರುವ ಮುಂಚೆಯೇ ತಾನಾಗಿ ಹೊತ್ತಿಕೊಳ್ಳುತ್ತದೆ. ನಾಕಿಂಗ್ ಅನ್ನುವುದು ಇದನ್ನೇ. ಒತ್ತಡ ಒಮ್ಮೆಲೇ ಜಿಗಿಯುತ್ತದೆ. ಲೋಹಕ್ಕೆ ಅಂಟಿಕೊಂಡು ಅದನ್ನು ಬಿಸಿಯಿಂದ ಕಾಯುವ ತೆಳು ಗಾಳಿ ಪದರ ಚದುರಿಹೋಗುತ್ತದೆ. ಆಮೇಲೆ ಅಲ್ಯೂಮಿನಿಯಂ ಎಷ್ಟು ಹೊತ್ತು ತಡೆದೀತು?

ಅಂಥ ಎಂಜಿನ್ ಬಂದರೆ ನಾನು ಮೊದಲು ನೋಡುವುದು ಪ್ಲಗ್. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ನಡುನಡುವೆ ಹೊಳೆಯುವ ಕಣ. ಲೆನ್ಸ್ ಹಿಡಿದು ನೋಡಿ, ಅದು ಪಿಸ್ಟನ್ನಿನಿಂದಲೇ ಎದ್ದ ಅಲ್ಯೂಮಿನಿಯಂ. ಹೆಡ್ ತೆಗೆದರೆ ಪಿಸ್ಟನ್ ತಲೆಯ ನಡುಭಾಗ ಚೆನ್ನಾಗಿಯೇ ಇರುತ್ತದೆ, ಅಂಚು ಮಾತ್ರ ಒರಟು ಒರಟು. ಪಿಸ್ಟನ್ ಹೊರಗೆ ತೆಗೆದು ಉಗುರಿನಿಂದ ಮೀಟಿದರೆ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಪಟ್ಟಿಯ ಚೂರು ಕೈಗೇ ಬರುತ್ತದೆ. ರಾಡ್ ಬೇರಿಂಗ್ ಬಿಚ್ಚಿದರೆ ಮೇಲಿನ ಅರ್ಧ ಬಡಿಸಿಕೊಂಡು ಸವೆದಿರುತ್ತದೆ, ಕೆಳಗಿನ ಅರ್ಧ ಹೊಸದರ ಹಾಗೇ ಇರುತ್ತದೆ. ಪೆಟ್ಟು ಯಾವ ಕಡೆಯಿಂದ ಬಿತ್ತು ಅಂತ ಬೇರೆ ಯಾರೂ ಹೇಳಬೇಕಿಲ್ಲ. ಇನ್ನು ಕೆಲವು ಎಂಜಿನ್‌ಗಳಲ್ಲಿ ಕಣ್ಣಿಗೆ ಏನೂ ಕಾಣದು. ಎಲ್ಲ ಪಿಸ್ಟನ್‌ಗಳನ್ನೂ ಒಂದೊಂದಾಗಿ ತುದಿಗೆ ತಂದು ಡಯಲ್ ಗೇಜ್ ಇಟ್ಟರೆ ಒಂದು ಮಾತ್ರ ಉಳಿದವಕ್ಕಿಂತ ತಗ್ಗಿನಲ್ಲಿ ನಿಂತಿರುತ್ತದೆ. ರಾಡ್ ಬಾಗಿದೆ ಅಂತಲೇ ಅರ್ಥ. ಕಾರು ಮಾತ್ರ ಅಲ್ಲಿಯವರೆಗೂ ಓಡುತ್ತಲೇ ಇತ್ತು!

ಪೆಟ್ರೋಲ್ ಎಷ್ಟು ಮುಖ್ಯ ಅನ್ನುವುದಕ್ಕೆ ಡಾಡ್ಜ್‌ನವರ 2018ರ ಡೀಮನ್ ನೋಡಿ. 100 ಆಕ್ಟೇನ್ ರೇಸ್ ಪೆಟ್ರೋಲಿನಲ್ಲಿ 840 ಎಚ್‌ಪಿ, ಬಂಕಿನ 91 ಆಕ್ಟೇನಿನಲ್ಲಿ 808. ಕಾರು ಅದೇ, ಎಂಜಿನ್ ಅದೇ, ಕಂಪನಿಯವರೇ ಎರಡು ಅಂಕಿ ಕೊಟ್ಟರು. ಇಲ್ಲೊಂದು ಮಾತು: ಅಮೆರಿಕದ 91 ಅಂದರೆ ಯುರೋಪಿನ ಲೆಕ್ಕದಲ್ಲಿ ಸುಮಾರು 95ರಿಂದ 96. ಅಲ್ಲಿನ ಟ್ಯೂನರ್ ‘93ರಲ್ಲಿ ಓಡಿಸಿದೆ’ ಅಂದಿದ್ದನ್ನು ಓದಿ, ಬೇರೆ ಕಡೆಯವರು ತಮ್ಮ ಬಂಕಿನ ಬೋರ್ಡಿನ ಅಂಕಿಗೆ ಹೋಲಿಸಿಕೊಂಡರೆ ಕೆಟ್ಟರು.

ಪುಲ್ಲಿ ವಿಷಯದಲ್ಲಿ ಜನರಿಗೆ ಇರುವ ಧೈರ್ಯ ನನಗಿಲ್ಲ. ಜನರಲ್ ಮೋಟಾರ್ಸ್‌ನ ಹಳೆಯ 3.8 ಲೀಟರ್ ವಿ6, ಎಲ್67 ಅನ್ನುವುದು, 240 ಎಚ್‌ಪಿ. ಅದರ ಬ್ಲೋವರ್ ಪುಲ್ಲಿ 3.8 ಇಂಚು. 3.4 ಹಾಕಿದರೆ ಬ್ಲೋವರ್ ಶೇ 12ರಷ್ಟು ಜೋರಾಗಿ ತಿರುಗುತ್ತದೆ. ಕೆಲಸ ಸುಲಭ, ಕೈಗೆ ಮಸಿ ಕೂಡ ಜಾಸ್ತಿ ಆಗಲ್ಲ. ಆ ಎಂಜಿನ್‌ಗೆ ಕಂಪನಿ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಭಾಗ) ಕೊಟ್ಟಿರಲಿಲ್ಲ ಅನ್ನುವುದು ಮಾತ್ರ ಮರೆತುಹೋಗುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. 30 ಡಿಗ್ರಿ ಗಾಳಿಯನ್ನು ಅರ್ಧ ಬಾರ್ ಬೂಸ್ಟಿಗೆ ಒತ್ತಿ, ಬ್ಲೋವರಿನ ದಕ್ಷತೆ ಶೇ 60 ಅಂತ ಹಿಡಿಯಿರಿ. ಹೊರಗೆ ಬರುವುದು 90 ಡಿಗ್ರಿ ಆಸುಪಾಸು. 0.8 ಬಾರಿಗೆ ಏರಿಸಿದರೆ 120 ದಾಟುತ್ತದೆ. ಬ್ಲೋವರ್ ತನ್ನ ಮಿತಿ ಮೀರಿ ತಿರುಗುವಾಗ ದಕ್ಷತೆಯೂ ಕುಸಿಯುತ್ತದೆ. ಅದು ಶೇ 50ಕ್ಕೆ ಇಳಿದರೆ 140 ಡಿಗ್ರಿ. ಬೂಸ್ಟ್ ಗೇಜ್ ಮಾತ್ರ ಖುಷಿಯಾಗಿ ಏರಿರುತ್ತದೆ. ಒಂದು ಹಂತ ದಾಟಿದ ಮೇಲೆ ಪುಲ್ಲಿ ಚಿಕ್ಕದಾದಷ್ಟೂ ಸಿಗುವುದು ಬಿಸಿಯೇ ಹೊರತು ಪವರ್ ಅಲ್ಲ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕಿನ ಬೆಲ್ಟಿನಿಂದ. ಡಾಡ್ಜ್ ಹೆಲ್‌ಕ್ಯಾಟ್‌ನ 707 ಎಚ್‌ಪಿ ಎಂಜಿನ್‌ನಲ್ಲಿ ಬ್ಲೋವರ್ ಒಂದಕ್ಕೇ ಸುಮಾರು 80 ಎಚ್‌ಪಿ ಬೇಕು. ಅಂದರೆ ಪಿಸ್ಟನ್, ರಾಡುಗಳು ಹೊರುತ್ತಿರುವುದು 787ರ ಭಾರ. ಟರ್ಬೊ ಎಂಜಿನ್ ಪಕ್ಕದಲ್ಲಿಟ್ಟು ಹೋಲಿಸುವವರು ಈ 80ನ್ನು ಕೂಡಿಸಿಕೊಳ್ಳಲಿ. ಬ್ಲೋವರ್ ಜೋರಾಗಿ ತಿರುಗಿಸಿದರೆ ಈ ತೆರಿಗೆಯೂ ಏರುತ್ತದೆ.

ಡೈನೊ (ಕಾರನ್ನು ಹತ್ತಿಸಿ ಪವರ್ ಅಳೆಯುವ ಯಂತ್ರ) ಚೀಟಿ ತೋರಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಡೈನೊ ಅಳೆಯುವುದು ಚಕ್ರದ ಬಳಿ. ಕಂಪನಿ ಹೇಳುವುದು ಕ್ರ್ಯಾಂಕಿನ ಅಂಕಿ, ಗೇರ್ ಬಾಕ್ಸ್ ಎಲ್ಲ ದಾಟಿ ಬರುವಾಗ ಒಂದು ಪಾಲು ಕಳೆದಿರುತ್ತದೆ. ಇವೆರಡನ್ನು ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಅದಕ್ಕಿಂತ ಮುಖ್ಯವಾಗಿ, ಡೈನೊ ಮೇಲೆ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಇರುವುದು ಕೆಲವೇ ಸೆಕೆಂಡು. ಎದುರಿಗೆ ದೊಡ್ಡ ಫ್ಯಾನ್, ಬಾನೆಟ್ ತೆರೆದು ತಣ್ಣಗಿರುತ್ತದೆ. ಉದ್ದನೆಯ ಏರಿನಲ್ಲಿ, ಬಿಸಿಲಿನಲ್ಲಿ, ತುಂಬಿದ ಕಾರಿನಲ್ಲಿ ಆಗುವುದೇ ಬೇರೆ. ಕಂಪನಿಯವರು ನೂರಾರು ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ನೋಡಿ ತಮ್ಮ ಅಂಕಿ ಬರೆಯುತ್ತಾರೆ. ಅದಕ್ಕೇ ಅದು ಸಪ್ಪೆಯಾಗಿ ಕಾಣುತ್ತದೆ.

ಇದು ಹೊಸ ಜಗಳವೂ ಅಲ್ಲ ಬಿಡಿ. ಬೆಂಟ್ಲಿಯ 4½ ಲೀಟರ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕುವುದು ಆ ಕಂಪನಿ ಕಟ್ಟಿದ ಡಬ್ಲ್ಯು.ಒ. ಬೆಂಟ್ಲಿಗೇ ಇಷ್ಟವಿರಲಿಲ್ಲ. ಪವರ್ ಬೇಕಿದ್ದರೆ ದೊಡ್ಡ ಎಂಜಿನ್ ಮಾಡಿ ಅನ್ನುವ ಪೈಕಿ ಆತ. 1930ರ ಲೆ ಮಾನ್ಸ್ ರೇಸಿನಲ್ಲಿ ಬ್ಲೋವರ್ ಬೆಂಟ್ಲಿಗಳು ಕೊನೆ ಮುಟ್ಟಲಿಲ್ಲ. ಗೆದ್ದಿದ್ದು ಬ್ಲೋವರ್ ಇಲ್ಲದ ಸ್ಪೀಡ್ ಸಿಕ್ಸ್.

ಹಾಗಾದರೆ ಏರಿಸಲೇಬಾರದಾ ಅಂತ ಕೇಳಬಹುದು. ಏರಿಸಿ, ನಾನೇ ಎಷ್ಟೋ ಕಾರಿಗೆ ಮಾಡಿಕೊಟ್ಟಿದ್ದೇನೆ. ಎರಕದ ಪಿಸ್ಟನ್ ಇದ್ದರೆ ಕಂಪನಿಯ ಟಾರ್ಕ್ ಅಂಕಿಗಿಂತ ಶೇ 15 ಮೇಲೆ ನಿಲ್ಲಿಸುತ್ತೇನೆ, ಒಳ್ಳೆ ಇಂಟರ್‌ಕೂಲರ್ ಇದ್ದರೆ 20. ಪಿಸ್ಟನ್, ರಾಡ್ ಎರಡೂ ಫೋರ್ಜ್ ಆಗಿದ್ದು, ಪೆಟ್ರೋಲ್ ಒಳ್ಳೆಯದಿದ್ದರೆ 30, 40ರ ಮಾತಾಡಬಹುದು. ಇದು ನನ್ನ ಕೈಯ ಲೆಕ್ಕ, ಗ್ರಂಥದ್ದಲ್ಲ. ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಶೇ 85ಕ್ಕಿಂತ ಜಾಸ್ತಿ ಹೊತ್ತು ತೆರೆದಿರುತ್ತದೆ ಅಂದರೆ ಅಲ್ಲೇ ಸಾಕು ಮಾಡಿ. ಪ್ಲಗ್ ಒಂದು ಹಂತ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು) ಹಾಕಿ. ಟ್ಯೂನರ್ ಹತ್ತಿರ ಎಚ್‌ಪಿ ಗ್ರಾಫ್ ಒಂದನ್ನೇ ಕೇಳಬೇಡಿ. ನಾಕಿಂಗ್‌ಗೆ ಹೆದರಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸ್ಪಾರ್ಕಿನ ಟೈಮಿಂಗ್ ಎಷ್ಟು ಹಿಂದೆ ಎಳೆಯಿತು, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟಿತ್ತು, ಗಾಳಿ–ಪೆಟ್ರೋಲ್ ಪ್ರಮಾಣ ಎಷ್ಟಿತ್ತು, ಈ ಮೂರರ ಲಾಗ್ ಕೇಳಿ. ಕೊಡಲ್ಲ ಅಂದರೆ ಬೇರೆಯವರ ಹತ್ತಿರ ಹೋಗಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಅಂಕಿ ಅಚ್ಚು ಮಾಡುವಾಗ ಎಂಜಿನ್ನಿನ ಕೋಡ್, ವರ್ಷ, ಪೆಟ್ರೋಲಿನ ಆಕ್ಟೇನ್, ಅಂಕಿ ಚಕ್ರದ್ದೋ ಕ್ರ್ಯಾಂಕಿನದ್ದೋ ಅನ್ನುವುದನ್ನೂ ಅದರ ಪಕ್ಕದಲ್ಲೇ ಹಾಕಿ. ಎರಡು ಸಾಲು ಜಾಸ್ತಿ ಆಗಬಹುದು. ಪ್ರಶ್ನೆ ಕೇಳಿದ ಓದುಗರಿಗೂ ಒಂದು ಮಾತು: ಪುಲ್ಲಿ ತರಿಸುವ ಮುಂಚೆ ಕಂಪ್ರೆಷನ್ ಟೆಸ್ಟ್ ಮತ್ತು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿಸಿ. ಹಳೆಯ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಆಗಲೇ ಸೋತಿದ್ದರೆ, ಈ ಪತ್ರದ ಅಂಕಿಗಳೂ ನಿಮಗೆ ಅನ್ವಯಿಸುವುದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಎಂಜಿನ್ ಮೆಕ್ಯಾನಿಕ್