ಆಲೂಗೆಡ್ಡೆ ನೆಡೋ ಮುಂಚೆ ನಮ್ಮ ನಮ್ಮ ಹೊಲದ ಮಣ್ಣು ಟೆಸ್ಟ್ ಮಾಡಿಸ್ಕೊಡೋ ಬಗ್ಗೆ ಮನವಿ

ಗೆ,
ಮಾನ್ಯ ಅಧ್ಯಕ್ಷರು, ಪಿಡಿಒ ಸಾಹೇಬ್ರು ಮತ್ತು ಎಲ್ಲಾ ಸದಸ್ಯರಿಗೆ,
ಗ್ರಾಮ ಪಂಚಾಯ್ತಿ, ಹಾಸನ ತಾಲ್ಲೂಕು.

ಸಾರ್, ನಾವು ಆಲೂಗೆಡ್ಡೆ, ಮುಸುಕಿನ ಜೋಳ, ಶುಂಠಿ ಬೆಳೆಯೋ ನಿಮ್ಮ ಪಂಚಾಯ್ತಿ ರೈತರು, ಎಲ್ಲಾ ಸೇರ್ಕೊಂಡು ಈ ಮನವಿ ಕೊಡ್ತಾ ಇದೀವಿ.

ಮಣ್ಣು ಟೆಸ್ಟ್ ಮಾಡಿ, ಯಾವ ಗೊಬ್ಬರ ಎಷ್ಟು ಹಾಕ್ಬೇಕು ಅಂತ ಬರೆದು ಸರ್ಕಾರ ಕೊಡೋ ಮಣ್ಣು ಆರೋಗ್ಯ ಕಾರ್ಡ್ 2015ರಲ್ಲಿ ಶುರುವಾಯ್ತು, ನಮ್ಮೂರಲ್ಲೂ ಸುಮಾರು ಮನೇಲಿ ಐತೆ, ಆದ್ರೆ ಪಹಣಿ, ಪಾಸ್‌ಬುಕ್ ಜೊತೆ ಕವರಲ್ಲಿ ಮಡಚಿ ಇಟ್ಟಿರೋದೇ ಹೊರತು ಅದನ್ನ ನೋಡ್ಕೊಂಡು ಗೊಬ್ಬರ ತಂದೋರು ನಮ್ಗೆ ಗೊತ್ತಿದ್ದಂಗೆ ಒಬ್ರೂ ಇಲ್ಲ. ಯಾಕೆ ಅಂದ್ರೆ ನಂಬಿಕೆ ಬರಲ್ಲ ಸಾರ್. ಈ ಮನವಿ ಬರೀತಿರೋ ನನ್ನ ಕಾರ್ಡು, ಪಕ್ಕದ ಹೊಲದೋರ ಕಾರ್ಡು ಎರಡೂ ಜಗಲಿ ಮೇಲೆ ಇಟ್ಟು ನೋಡಿದ್ವಿ, ಪಿಎಚ್ಚಿಂದ (ಮಣ್ಣು ಎಷ್ಟು ಹುಳಿ ಅನ್ನೋ ಅಳತೆ, ಹುಳಿ ಜಾಸ್ತಿ ಇದ್ರೆ ಅಂಕಿ ಕಮ್ಮಿ) ಹಿಡ್ದು ಸತು, ಬೋರಾನ್ ತನಕ 12 ಅಂಕಿನೂ ಒಂದೇ. ಮಳೆ ಆಶ್ರಯದ ಭೂಮಿಲಿ 10 ಹೆಕ್ಟೇರಿಗೆ ಒಂದೇ ಸ್ಯಾಂಪಲ್ ತೆಗೆಯೋ ಲೆಕ್ಕ ಅಂತೆ, ಅಂದ್ರೆ ಹತ್ರತ್ರ 25 ಎಕರೆ. ನಮ್ಮಲ್ಲಿ 25 ಎಕರೆ ಅಂದ್ರೆ ಮೇಲೆ ದಿಣ್ಣೇಲಿ ಕೆಂಪು ಗರಸು, ಕೆಳಗೆ ತಗ್ಗಲ್ಲಿ ಜೇಡಿಮಣ್ಣು, ನಡುವೆ ಎಂಟತ್ತು ಜನದ ಹಿಡುವಳಿ, ಒಬ್ಬೊಬ್ರು ಹಾಕಿರೋ ಗೊಬ್ಬರನೇ ಬೇರೆ. ಅದೂ ಮಣ್ಣು ತಗೊಳೋಕೆ ಬಂದೋರು ಆವತ್ತು ರೋಡ್ ಪಕ್ಕದಲ್ಲೇ, ನಮ್ಮ ತಿಪ್ಪೆಗುಂಡಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಗುದ್ದಲಿ ಕೆರೆದು ಕವರಿಗೆ ಹಾಕ್ಕೊಂಡು ಹೋದ್ರು, ನಾನೇ ನಿಂತು ನೋಡಿದೀನಿ.

ಇನ್ನೊಂದು, ಕಾರ್ಡಲ್ಲಿ ಇರೋದು ಹೆಕ್ಟೇರಿಗೆ ಇಷ್ಟು ಕೆಜಿ ಅಂತ. ನಮ್ಮ ಲೆಕ್ಕ ಎಕರೆ, ಗುಂಟೆ, ಮೂಟೆ. ಹೆಕ್ಟೇರಿಗೆ ರಂಜಕ 46 ಕೆಜಿ ಅಂತ ಇದ್ರೆ, 50 ಕೆಜಿ ಡಿಎಪಿ ಮೂಟೇಲಿ 23 ಕೆಜಿ ರಂಜಕ ಇರುತ್ತೆ, ಅಲ್ಲಿಗೆ ಹೆಕ್ಟೇರಿಗೆ ಎರಡು ಮೂಟೆ, ಎಕರೆಗೆ 40 ಕೆಜಿ ಡಿಎಪಿ ಸಾಕು, ಒಂದು ಮೂಟೆನೂ ಬೇಡ, ಜೊತೆಗೆ ಅದ್ರಲ್ಲೇ ಸಾರಜನಕನೂ ಬರೋದ್ರಿಂದ ಅಷ್ಟು ಯೂರಿಯಾ ಕಮ್ಮಿ ಮಾಡ್ಬೇಕು. ಇದನ್ನ ಯಾರಾದ್ರೂ ಕೂತು ಹೇಳಿದ್ರೆ ಎಲ್ರಿಗೂ ಅರ್ಥ ಆಗುತ್ತೆ. ಹೇಳೋರಿಲ್ಲ, ಹಂಗಾಗಿ ಗೊಬ್ಬರದ ಅಂಗಡಿಯೋರು ಹೇಳಿದ್ದೇ ಲೆಕ್ಕ, ಎಲ್ರೂ ಎರಡು ಮೂರು ಮೂಟೆ ಎರಚ್ತಾ ಇದೀವಿ, ಸಾಲ ಮಾಡಿ.

ಸುಣ್ಣದ ಕಥೆನೂ ಹೇಳ್ಬೇಕು. ಸಕಲೇಶಪುರದ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ, ಕಾಫಿ ತೋಟಕ್ಕೆ ಸುಣ್ಣ ಹಾಕ್ತಾರೆ, ಅದು ಸರಿ. ಅದನ್ನ ನೋಡಿ ನಮ್ಮಲ್ಲೊಬ್ರು ಟೆಸ್ಟೇ ಮಾಡಿಸ್ದೆ ಆಲೂಗೆಡ್ಡೆ ಹೊಲಕ್ಕೂ ಸುಣ್ಣ ಹೊಡೆದ್ರು. ಸುಣ್ಣದಿಂದ ಹುಳಿ ಕಮ್ಮಿಯಾಗಿ ಪಿಎಚ್ ಮೇಲಕ್ಕೆ ಹೋದ್ರೆ ಗೆಡ್ಡೆಗೆ ಕಜ್ಜಿ ಜಾಸ್ತಿ ಆಗುತ್ತೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಕಿತ್ತಾಗ ಸಿಪ್ಪೆ ಎಲ್ಲಾ ಒರಟು ಒರಟು ಹುಣ್ಣು, ಮಾರ್ಕೆಟಲ್ಲಿ ಚೀಲ ಬಿಚ್ಚಿ ನೋಡಿ ಯಾರೂ ಕೇಳ್ಲಿಲ್ಲ, ಆಯಪ್ಪ ಆವತ್ತು ಊಟ ಕೂಡ ಮಾಡ್ಲಿಲ್ಲ ಸಾರ್.

ಅದಕ್ಕೇ ಕೇಳ್ಕೊಳೋದು, ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೋ, ಕಾರೆಕೆರೆ ಕೃಷಿ ಕಾಲೇಜಿಗೋ ಪಂಚಾಯ್ತಿಯಿಂದ ಒಂದು ಲೆಟರ್ ಬರೆದು, ಮಾರ್ಚಲ್ಲೇ, ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಬೀಳೋ ಮುಂಚೆ, ಒಬ್ರನ್ನ ಕರೆಸಿ ಮಣ್ಣು ತೆಗೆಯೋದು ಹೆಂಗೆ ಅಂತ ಹೊಲದಲ್ಲೇ ತೋರಿಸ್ಬೇಕು. ಬದು, ಮರದ ಬುಡ, ತಿಪ್ಪೆ ಬಿಟ್ಟು ಎಂಟತ್ತು ಕಡೆ ವಿ ಆಕಾರಕ್ಕೆ ಗೇಣುದ್ದ ಗುಂಡಿ ತೆಗೆದು, ಗುಂಡಿ ಬದಿ ಮಣ್ಣು ಕೆರೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಪಂಚಾಯ್ತಿಗೆ ತಂದ್ಕೊಡೋದು ನಮ್ಮ ಜವಾಬ್ದಾರಿ, ಲ್ಯಾಬಿಗೆ ಮುಟ್ಟಿಸೋದು ನಿಮ್ದು. ರಿಪೋರ್ಟು ಮೇ ತಿಂಗಳೊಳಗೆ ಬರ್ಬೇಕು, ಬಿತ್ತನೆ ಆದ್ಮೇಲೆ ಬಂದ್ರೆ ಏನೂ ಪ್ರಯೋಜನ ಇಲ್ಲ. ಬಂದ ರಿಪೋರ್ಟನ್ನ ಗ್ರಾಮಸಭೇಲಿ ಒಬ್ಬೊಬ್ರ ಹೆಸರು ಕರೆದು, ಎಕರೆಗೆ ಎಷ್ಟು ಮೂಟೆ ಅಂತ ಓದಿ ಹೇಳ್ಬೇಕು, ಹೆಂಗಸ್ರನ್ನೂ ಕರೀಬೇಕು, ಗೊಬ್ಬರ ಹಾಕೋ ಕೆಲಸ ಹೆಚ್ಚಿಗೆ ಅವ್ರೇ ಮಾಡೋದು.

ದಯವಿಟ್ಟು ಮುಂದಿನ ಮೀಟಿಂಗಲ್ಲೇ ಈ ವಿಷಯ ಎತ್ಕೊಂಡು ನಮ್ಗೆ ತಾರೀಖು ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮದ ರೈತರು
(ಸಹಿ, ಹೆಬ್ಬೆಟ್ಟಿನ ಗುರುತುಗಳು ಹಿಂದಿನ ಪುಟದಲ್ಲಿವೆ)