ಮೊದಲ ಭಾಷಣಕ್ಕೆ ಐದು ನಿಮಿಷ ಸಾಕು, ‘ವೇದಿಕೆ ಕನ್ನಡ’ ಬೇಡ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರ ಬಂತೆಂದರೆ ಶಾಲೆ, ಕಚೇರಿ, ಬಡಾವಣೆಯ ಸಂಘ ಎಲ್ಲ ಕಡೆಯೂ ‘ನೀವೂ ಎರಡು ಮಾತಾಡಿ’ ಎಂಬ ಒತ್ತಾಯ ಶುರುವಾಗುತ್ತದೆ. ಹಾಗೆ ಎದ್ದು ನಿಂತು ಪೆಚ್ಚಾದ ಕೆಲವರು ಆಮೇಲೆ ಭಾಷಣ ಕಲಿಸುವ ಕೂಟ ಹುಡುಕಿಕೊಂಡು ಬರುತ್ತಾರೆ. ಇಂಥ ಕೂಟಗಳಲ್ಲಿ ಗಡಿಯಾರ ಹಿಡಿದು, ವಿಮರ್ಶೆಯ ಹಾಳೆ ತುಂಬಿ, ಹೊಸಬರ ಮೊದಲ ಭಾಷಣಗಳನ್ನು ಕೇಳುತ್ತ ಬಂದವರು ನಾವು. ಕನ್ನಡಿಗರ ಮೊದಲ ಭಾಷಣವನ್ನು ಅಂಜಿಕೆಗಿಂತ ಹೆಚ್ಚಾಗಿ ಕೆಡಿಸುವುದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ‘ವೇದಿಕೆ ಕನ್ನಡ’ ಎಂಬುದು ನಮ್ಮ ಅಭಿಪ್ರಾಯ. ಶಿಕ್ಷಕರೂ ಸಂಘಗಳವರೂ ಗಮನಿಸಲಿ ಎಂದು ಈ ಪತ್ರ.

ಇಂಥ ಕೂಟಗಳಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಪದ್ಧತಿ ಹೊಸದೇನಲ್ಲ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಕೂಟದಿಂದ ಬೆಳೆದದ್ದು. ಇಲ್ಲಿ ಪ್ರತಿ ಹೊಸ ಸದಸ್ಯರ ಮೊದಲ ಭಾಷಣದ ಹೆಸರು ‘ಐಸ್ ಬ್ರೇಕರ್’. ಒಡೆಯಲು ನಮ್ಮೂರಲ್ಲಿ ಮಂಜುಗಡ್ಡೆ ಎಲ್ಲಿದೆ ಎಂದು ನಗುವವರಿದ್ದಾರೆ. ಬಿಗುಮಾನ ಮುರಿಯುವುದು ಎಂದುಕೊಂಡರಾಯಿತು. ವಿಷಯ ನೀವೇ. ಅವಧಿ 4ರಿಂದ 6 ನಿಮಿಷ. 4 ನಿಮಿಷಕ್ಕೆ ಹಸಿರು, 5ಕ್ಕೆ ಹಳದಿ, 6ಕ್ಕೆ ಕೆಂಪು ದೀಪ ಅಥವಾ ಕಾರ್ಡು. ಆಚೀಚೆ 30 ಸೆಕೆಂಡಿನ ವಿನಾಯಿತಿ ಇರುತ್ತದೆ. ಮುಗಿದ ಮೇಲೆ ಒಬ್ಬ ವಿಮರ್ಶಕರು 2ರಿಂದ 3 ನಿಮಿಷ ನಿಮ್ಮ ಮಾತಿನ ಬಗ್ಗೆ ಮಾತಾಡುತ್ತಾರೆ. ಇಷ್ಟೇ ವ್ಯವಸ್ಥೆ.

ಈಗ ನಮ್ಮ ಮಾಮೂಲಿ ಆರಂಭವನ್ನು ಈ ಗಡಿಯಾರದ ಮುಂದೆ ಇಟ್ಟು ನೋಡಿ. ‘ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ಹಾಗೂ ನನ್ನ ನೆಚ್ಚಿನ ಸಹೋದರ ಸಹೋದರಿಯರೇ, ಇಂದು ನನಗೆ ಮಾತನಾಡಲು ಅವಕಾಶ ಮಾಡಿಕೊಟ್ಟ ತಮ್ಮೆಲ್ಲರಿಗೂ ವಂದಿಸುತ್ತಾ, ನನಗೆ ತಿಳಿದ ನಾಲ್ಕು ಮಾತುಗಳನ್ನು ಹೇಳಲು ಇಚ್ಛಿಸುತ್ತೇನೆ, ತಪ್ಪಿದ್ದರೆ ಮನ್ನಿಸಿ.’ ನಿಧಾನವಾಗಿ ಹೇಳಿದರೆ ಹತ್ತಿರ ಹತ್ತಿರ ಅರ್ಧ ನಿಮಿಷ. ಐದು ನಿಮಿಷದಲ್ಲಿ ಹತ್ತನೇ ಒಂದು ಪಾಲು ಹೋಯಿತು. ಕೇಳುಗರು ಅತಿ ಹೆಚ್ಚು ಗಮನ ಕೊಡುವುದು ಆ ಅರ್ಧ ನಿಮಿಷದಲ್ಲೇ. ಸಭೆ ನಡೆಸಿಕೊಡುವವರನ್ನೂ ಕೇಳುಗರನ್ನೂ ನೋಡಿ ‘ಟೋಸ್ಟ್‌ಮಾಸ್ಟರ್ ಅವರೇ, ಗೆಳೆಯರೇ’ ಎಂದರೆ ಮೂರು ಸೆಕೆಂಡು, ಸಾಕು. ಕ್ಷಮೆಯಂತೂ ಬೇಡವೇ ಬೇಡ. ತಪ್ಪು ಮಾಡುವ ಮೊದಲೇ ಕ್ಷಮೆ ಕೇಳಿದರೆ ಜನ ತಪ್ಪು ಹುಡುಕಲು ಕೂರುತ್ತಾರೆ.

ಎರಡನೆಯ ರೋಗ ಬಯೊಡೇಟಾ. ಹುಟ್ಟಿದ ಊರು, ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಕೆಲಸ, ಮದುವೆ, ಹವ್ಯಾಸ. ಬದುಕಿನ ಎಲ್ಲವನ್ನೂ ಹೇಳಹೋದರೆ ಒಂದೊಂದಕ್ಕೂ ಒಂದೊಂದು ವಾಕ್ಯ ಸಿಗುತ್ತದೆ, ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ಮನೆಯ ಒಂದು ವಸ್ತುವನ್ನೋ ಒಂದು ಅಡ್ಡಹೆಸರನ್ನೋ ದಾರವಾಗಿ ಹಿಡಿದು ಮೂರೇ ಮಣಿ ಪೋಣಿಸಿ ಎಂಬುದು ಹೊಸಬರಿಗೆ ನಾವು ಕೊಡುವ ಸಲಹೆ.

ಉದಾಹರಣೆಗೆ, ಮಾತಾಡುವವರ ತಂದೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು ಎಂದಿಟ್ಟುಕೊಳ್ಳಿ. ‘ನನ್ನ ಜನನ ತುಮಕೂರು ಜಿಲ್ಲೆಯಲ್ಲಾಯಿತು, ನಮ್ಮ ತಂದೆಯವರು ಸಾರಿಗೆ ಸಂಸ್ಥೆಯಲ್ಲಿ ನಿರ್ವಾಹಕರಾಗಿ ಸೇವೆ ಸಲ್ಲಿಸಿರುತ್ತಾರೆ’ ಎಂದರೆ ಅದು ಸರ್ವಿಸ್ ರಿಜಿಸ್ಟರ್ ಓದಿದಂತೆ. ಅದನ್ನೇ ಹೀಗೆ ಶುರು ಮಾಡಿ: ‘ಟಿಕೆಟ್ ತೂತು ಮಾಡೋ ಪಂಚ್ ನೋಡಿದೀರಲ್ಲ? ಅಪ್ಪ ಡ್ಯೂಟಿ ಮುಗಿಸಿ ಬಂದ್ರು ಅಂತ ನಮಗೆ ಗೊತ್ತಾಗ್ತಿದ್ದದ್ದು ಅದರ ಸದ್ದಿಂದ. ಗೇಟಿಗೆ ಎರಡು ಸಲ ಬಡೀತಿದ್ರು. ಟಕ್, ಟಕ್.’ ಇಲ್ಲಿ ಸ್ವಲ್ಪ ನಿಲ್ಲಿ. ಆರಂಭ ಅರ್ಧ ನಿಮಿಷದಲ್ಲಿ ಮುಗಿಯಿತು. ಮುಂದಿನ ಒಂದೂವರೆ ನಿಮಿಷ ಆ ಪಂಚಿನ ಸುತ್ತಲಿನ ಬಾಲ್ಯ. ನಡುವಿನ ಎರಡು ನಿಮಿಷ, ಟಿಕೆಟ್ ಮುದ್ರಿಸುವ ಯಂತ್ರ ಬಂದು ಪಂಚ್ ಶೋಕೇಸ್ ಸೇರಿದ್ದು, ಅದೇ ಹೊತ್ತಿಗೆ ಮಗ ಕಂಪ್ಯೂಟರ್ ಓದಲು ಬೆಂಗಳೂರಿಗೆ ಬಂದದ್ದು. ಕೊನೆಯ ಒಂದು ನಿಮಿಷ, ಈಗ ಆ ಪಂಚ್ ಆಫೀಸಿನ ಮೇಜಿನ ಮೇಲೆ ಏನು ಮಾಡುತ್ತಿದೆ ಎಂಬುದು. ಊರು, ಓದು, ಕೆಲಸ, ಅಪ್ಪ ಎಲ್ಲವೂ ಕೇಳದೆಯೇ ಬಂದುಬಿಟ್ಟವು. ವಸ್ತುವನ್ನೇ ತಂದು ತೋರಿಸುವುದಾದರೆ ಸಮಯ ಬರುವತನಕ ಜೇಬಿನಲ್ಲಿರಲಿ, ತೋರಿಸಿದ ಮೇಲೆ ಮೇಜಿನ ಮೇಲೆ ಇಟ್ಟುಬಿಡಿ. ಕೈಯಲ್ಲೇ ಉಳಿದರೆ ಅಂಜಿದ ಬೆರಳು ಅದನ್ನು ಅದುಮುತ್ತಲೇ ಇರುತ್ತದೆ. ಕೇಳುಗರು ಮಾತು ಬಿಟ್ಟು ಪಂಚಿನ ಸದ್ದು ಎಣಿಸುತ್ತಾರೆ.

ಭಾಷೆಯ ವಿಚಾರಕ್ಕೆ ಬಂದರೆ, ಕನ್ನಡದಲ್ಲಿ ಬರೆಯುವ ನುಡಿಗೂ ಆಡುವ ನುಡಿಗೂ ಇರುವ ದೂರ ದೊಡ್ಡದು. ಹೊಸಬರು ‘ಹೋಗುತ್ತಿದ್ದೆವು, ನೋಡುತ್ತಿದ್ದೆವು’ ಎಂದು ಬರೆದುಕೊಂಡು ಬರುತ್ತಾರೆ. ಎರಡನೇ ನಿಮಿಷಕ್ಕೆ ನಾಲಿಗೆ ತಾನಾಗಿ ‘ಹೋಗ್ತಿದ್ವಿ’ಗೆ ಜಾರುತ್ತದೆ. ಜಾರಿದ್ದು ಗೊತ್ತಾಗಿ ಹಿಂದಕ್ಕೆ ಎಳೆದುಕೊಳ್ಳಲು ಹೋದಾಗಲೇ ಮಾತು ತಡವರಿಸುವುದು. ಮೊದಲಿನಿಂದಲೂ ಮನೆಯ ಮಾತಿನಲ್ಲೇ ಇದ್ದರೆ ಜಾರಲು ಜಾಗವೇ ಇಲ್ಲ. ಧಾರವಾಡದವರು ಧಾರವಾಡದ ಹಾಗೆ, ಕುಂದಾಪುರದವರು ಕುಂದಾಪುರದ ಹಾಗೆ ಮಾತಾಡಲಿ. ಇನ್ನು ಹಕಾರದ ಹೆದರಿಕೆ. ‘ಅ’ ಮತ್ತು ‘ಹ’ ಅದಲುಬದಲಾಗುತ್ತದೆಂದು ನಗೆಪಾಟಲಿಗೆ ಈಡಾದವರು ವೇದಿಕೆಯಲ್ಲಿ ಅತಿ ಎಚ್ಚರ ವಹಿಸಿ, ಇಲ್ಲದ ಕಡೆಯೂ ‘ಹ’ ಸೇರಿಸುತ್ತಾರೆ. ‘ಆದರದ ಸ್ವಾಗತ’ ಏನಾಗುತ್ತದೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಪದವೇ ಬೇಡ, ‘ಬನ್ನಿ’ ಎಂದರೆ ಆಯಿತು. ಬಸ್ಸು, ಟಿಕೆಟ್, ಆಫೀಸುಗಳಿಗೆ ಅಚ್ಚಗನ್ನಡ ಪದ ಹುಡುಕುವ ಗೋಜಿಗೂ ಹೋಗಬೇಡಿ.

ಬಾಯಿಪಾಠ ಬೇಡ ಎನ್ನಲು ಕಾರಣ ಸರಳ. ಬಾಯಿಪಾಠ ಎಂದರೆ ಸರಪಳಿ. ಒಂದು ಕೊಂಡಿ ಬಿಟ್ಟುಹೋದರೆ ಮುಂದಿನದು ಸಿಗುವುದಿಲ್ಲ, ಮತ್ತೆ ಮೊದಲಿನಿಂದಲೇ ಬರಬೇಕು, ಮಗ್ಗಿ ಹೇಳುವಾಗ ಆಗುವಂತೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಅಚ್ಚಾಗಿ ಬಾಯಿಗೆ ಬರಲಿ. ನಡುವಿನದಕ್ಕೆ ಅಂಚೆ ಕಾರ್ಡಿನ ಅಳತೆಯ ದಪ್ಪ ರಟ್ಟಿನ ಮೇಲೆ ಐದಾರು ಪದ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಪಂಚ್, ಗೇಟು, ರಜೆ ದಿನ, ಯಂತ್ರ, ಶೋಕೇಸ್, ಮೇಜು. ದೊಡ್ಡ ಹಾಳೆ ಹಿಡಿಯಬೇಡಿ. ಕೈ ಕೂದಲೆಳೆಯಷ್ಟು ನಡುಗಿದರೂ ಎ4 ಹಾಳೆಯ ತುದಿ ಪಟಪಟ ಬಡಿದುಕೊಳ್ಳುತ್ತದೆ. ಅದನ್ನು ನೋಡಿ ನಡುಕ ಇನ್ನೂ ಹೆಚ್ಚುತ್ತದೆ. ಮೊಬೈಲ್ ಅದಕ್ಕಿಂತ ಕಷ್ಟ. ಪರದೆ ಆರಿಹೋಗುತ್ತದೆ, ಬೆರಳು ತಾಗಿ ಪುಟ ಸರಿಯುತ್ತದೆ, ಸಾಲದ್ದಕ್ಕೆ ಬ್ಯಾಂಕಿನ ಸಂದೇಶ ಬಂದು ಮೇಲೆ ಕೂರುತ್ತದೆ.

ಎಷ್ಟು ಬರೆಯಬೇಕು? ಇಂಗ್ಲಿಷ್ ಭಾಷಣದ ಪದಗಳ ಲೆಕ್ಕ ಕನ್ನಡಕ್ಕೆ ನಡೆಯದು. ‘ಹೋಗಬೇಕಾಗಿತ್ತು’ ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ ಮೂರು ನಾಲ್ಕು ಪದ ಬೇಕು. ಹೀಗಾಗಿ ಯಾರದೋ ಲೆಕ್ಕ ನಂಬದೆ, ನೀವು ಬರೆದದ್ದರಲ್ಲಿ 100 ಪದ ಗುರುತು ಹಾಕಿ, ನಿಂತು, ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಸಮಯ ನೋಡಿ. ಅದರಿಂದ ಐದು ನಿಮಿಷಕ್ಕೆ ಎಷ್ಟು ಪದ ಎಂದು ಲೆಕ್ಕ ಹಾಕಿ. ಗುರಿ ಐದೇ ಇರಲಿ, ಆರು ಬೇಡ. ಅಂಜಿಕೆಯಲ್ಲಿ ಮಾತು ಓಡುತ್ತದೆ, ಅಭ್ಯಾಸದಲ್ಲಿ ಐದು ನಿಮಿಷ ಬಂದದ್ದು ವೇದಿಕೆಯಲ್ಲಿ ನಾಲ್ಕಕ್ಕೆ ಇಳಿಯಬಹುದು. ಜನ ನಕ್ಕರೆ, ನೀವು ಒಂದೆರಡು ಕಡೆ ನಿಂತರೆ ಐದೂವರೆಗೆ ಏರಬಹುದು. ಎರಡೂ ಮಿತಿಯೊಳಗೇ ಇವೆ. ಆರಕ್ಕೆ ಗುರಿ ಇಟ್ಟವರಿಗೆ ಈ ಆಸರೆ ಇಲ್ಲ. ಕೆಂಪು ಕಂಡ ಕೂಡಲೇ ಗಾಬರಿಯಾಗಿ, ಚೆನ್ನಾಗಿ ಕಟ್ಟಿದ ಕೊನೆಯನ್ನೇ ನುಂಗಿ ಕೂತುಬಿಡುತ್ತಾರೆ.

ಅಭ್ಯಾಸ ನಿಂತೇ ಮಾಡಬೇಕು, ಐದು ಸಲವಾದರೂ. ಕನ್ನಡಿಯ ಮುಂದೆ ಬೇಡ, ನಿಮ್ಮ ಮುಖವನ್ನೇ ನೋಡುತ್ತ ಮಾತು ಮರೆಯುತ್ತೀರಿ. ಒಮ್ಮೆ ಧ್ವನಿಮುದ್ರಿಸಿ ಕೇಳಿ. ಕಾರ್ಯಕ್ರಮದ ದಿನ ಇಡೀ ಭಾಷಣ ತಿರುವಿ ಹಾಕಬೇಡಿ, ಮೊದಲ ವಾಕ್ಯ ಸಾಕು. ಬಾಯಿ ಒಣಗುತ್ತದೆ, ಒಂದು ಗುಟುಕು ನೀರು ಕುಡಿದು ಏಳಿ. ಪಾದ ಭುಜದಗಲಕ್ಕೆ ಊರಿ, ಎರಡೂ ಕಾಲಿನ ಮೇಲೆ ಸಮ ಭಾರ. ಒಂದೇ ಕಾಲಿನ ಮೇಲೆ ನಿಂತವರು ತೂಗಾಡುತ್ತಾರೆ. ಮೈಕ್ ಇದ್ದರೆ ಬಾಯಿಗೆ ನಾಲ್ಕು ಬೆರಳಿನಷ್ಟು ದೂರ, ತಟ್ಟಿ ನೋಡುವುದು ಬೇಡ. ಎದೆ ಬಡಿತ ಜೋರಾಗಿರುವುದು ಹೆಚ್ಚಾಗಿ ಮೊದಲ ನಿಮಿಷದಲ್ಲಿ. ಬಾಯಿಪಾಠದ ಆ ಎರಡು ವಾಕ್ಯ ಆ ಹೊತ್ತು ದಾಟಲೆಂದೇ ಇರುವುದು.

ಕ್ಲಬ್‌ಗಳಲ್ಲಿ ‘ಆಃ ಕೌಂಟರ್’ ಎಂಬ ಹೊಣೆಗಾರರಿರುತ್ತಾರೆ. ‘ಆಂ’, ‘ಸೋ’, ‘ಆಕ್ಚುಲಿ’, ‘ಒಂಥರಾ’, ‘ಏನಪ್ಪಾ ಅಂದ್ರೆ’ಗಳನ್ನು ಎಣಿಸುವುದು ಅವರ ಕೆಲಸ. ‘ಅಲ್ವಾ’ ಎಣಿಸಬೇಕೋ ಬೇಡವೋ ಎಂದು ನಮ್ಮೊಳಗೇ ಜಗಳವಿದೆ. ಕೇಳುಗರ ಕಣ್ಣು ನೋಡಿ ಕೇಳಿದ ‘ಅಲ್ವಾ’ ಮಾತಿನ ಭಾಗವೇ. ಚಾವಣಿ ನೋಡುತ್ತ ಹೇಳಿದರೆ ಎಣಿಸಬಹುದು. ಆದರೆ ನಮ್ಮ ಭಾಷಣಗಳಲ್ಲಿ ಸಮಯ ನುಂಗುವ ನಿಜವಾದ ಪದಗುಚ್ಛ ಯಾರ ಎಣಿಕೆಗೂ ಸಿಗುವುದಿಲ್ಲ. ‘ಈ ಸಂದರ್ಭದಲ್ಲಿ ಹೇಳಲಿಕ್ಕೆ ಇಷ್ಟಪಡುತ್ತೇನೆ’ ಎಂಬುದಕ್ಕೆ ಎರಡು ಮೂರು ಸೆಕೆಂಡು. ಹತ್ತು ಸಲ ಇಷ್ಟಪಟ್ಟರೆ ಅರ್ಧ ನಿಮಿಷ. ಇಷ್ಟಪಡುವುದು ಬಿಟ್ಟು ಹೇಳಿಬಿಡಬಹುದಲ್ಲ.

ವಿಮರ್ಶೆ ಮಾಡುವವರಿಗೂ ಒಂದು ಮಾತು. ಐಸ್ ಬ್ರೇಕರ್ ವ್ಯಾಕರಣದ ಪರೀಕ್ಷೆಯಲ್ಲ. ‘ಧ್ವನಿ ಚೆನ್ನಾಗಿತ್ತು’ ಎಂಬ ಹೊಗಳಿಕೆಯಿಂದ ಏನೂ ತಿಳಿಯುವುದಿಲ್ಲ; ‘ಗೇಟಿನ ಸದ್ದಿನ ನಂತರ ನೀವು ನಿಂತಾಗ ಎಲ್ಲರೂ ತಲೆ ಎತ್ತಿದರು’ ಎಂದರೆ ಮುಂದಿನ ಸಲವೂ ಅಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ. ತಿದ್ದಬೇಕಾದದ್ದು ಏಳಿದ್ದರೂ ಒಂದನ್ನೇ ಹೇಳಿ. ಏಳನ್ನೂ ಕೇಳಿಸಿಕೊಂಡ ಹೊಸಬರು ಮುಂದಿನ ವಾರ ಬರುವುದಿಲ್ಲ.

ಇದಕ್ಕೆಲ್ಲ ಕ್ಲಬ್ಬೇ ಆಗಬೇಕೆಂದಿಲ್ಲ. ರಾಜ್ಯೋತ್ಸವದ ಭಾಷಣ ಸ್ಪರ್ಧೆ ನಡೆಸುವ ಶಾಲೆಗಳು ‘ಕರ್ನಾಟಕದ ಗತವೈಭವ’ವನ್ನು ಒಂದು ವರ್ಷ ಬಿಟ್ಟು, ಮಕ್ಕಳ ಮನೆಯ ಒಂದು ವಸ್ತುವನ್ನು ವಿಷಯವಾಗಿ ಕೊಟ್ಟು ನೋಡಲಿ. ಚಿಕ್ಕ ಮಕ್ಕಳಿಗೆ ಎರಡರಿಂದ ಮೂರು ನಿಮಿಷ ಸಾಕು. ಅದನ್ನು ಮೇಷ್ಟ್ರು ಬರೆದುಕೊಡಲು ಬರುವುದಿಲ್ಲ, ಇಂಟರ್‌ನೆಟ್‌ನಲ್ಲಿ ಸಿಗುವುದೂ ಇಲ್ಲ. ಬೇಕಾಗುವ ಸಾಮಾನು ಮೂರು ಬಣ್ಣದ ರಟ್ಟು, ಒಂದು ಗಡಿಯಾರ. ರಟ್ಟು ಹಿಡಿಯುವವರು ಕೊನೆಯ ಸಾಲಿನ ನಡುವೆ ಕೂರಬೇಕು, ಪಕ್ಕದಲ್ಲಿ ಕೂತರೆ ಮಾತಾಡುವವರು ಕತ್ತು ತಿರುಗಿಸಿ ನೋಡಬೇಕಾಗುತ್ತದೆ. ಒಮ್ಮೆ ಎತ್ತಿದ ಬಣ್ಣವನ್ನು ಮುಂದಿನ ಬಣ್ಣ ಬರುವವರೆಗೆ ಇಳಿಸಬಾರದು. ಕ್ಷಣಕಾಲ ತೋರಿಸಿ ಮಡಿಲಲ್ಲಿ ಇಟ್ಟುಕೊಂಡರೆ, ಕಣ್ಣಿಗೆ ಬಿದ್ದದ್ದು ಹಳದಿಯೋ ಕೆಂಪೋ ಎಂದು ಆಕಡೆ ನಿಂತ ಮಗು ಮಾತಿನ ನಡುವೆ ಯೋಚಿಸುತ್ತ ನಿಂತುಬಿಡುತ್ತದೆ.

– ಭಾಷಣ ಕೂಟವೊಂದರ ಹಳೆಯ ಸದಸ್ಯರು, ಬೆಂಗಳೂರು