ಕಂಪನಿಯ ದಂಡಕ್ಕೆ ಚಂದಾದಾರರ ಜೇಬೇ? ಟ್ರಾಯ್ ಅಧ್ಯಕ್ಷರಿಗೆ ಬಹಿರಂಗ ಪತ್ರ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಮಾನ್ಯ ಅಧ್ಯಕ್ಷರಿಗೆ,

ವಂದನೆಗಳು.

ಮನೆಯ ಡಿಶ್‌ಗೆ ನೇರವಾಗಿ ಟಿವಿ ಚಾನೆಲ್ ಕೊಡುವ ಡಿಟಿಎಚ್ ಕಂಪನಿಗಳ ಮೇಲೆ ಬೀಳುವ ದಂಡ, ಸರ್ಕಾರಕ್ಕೆ ತಡವಾಗಿ ಕಟ್ಟುವ ಬಾಕಿಯ ಬಡ್ಡಿ, ಅದಕ್ಕಾಗಿ ನಡೆಸುವ ವ್ಯಾಜ್ಯದ ಖರ್ಚು, ಇವು ಯಾವುವನ್ನೂ ಚಂದಾದಾರರ ತಿಂಗಳ ದರಕ್ಕೆ ಸೇರಿಸಬಾರದೆಂದು ನೀವು ಆದೇಶ ಹೊರಡಿಸಬೇಕು. ಇದೊಂದನ್ನು ಕೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾವಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿ ಮನೆಯಲ್ಲಿ. ಇಲ್ಲಿಗೆ ಕೇಬಲ್ ಬಂದಿಲ್ಲ, ಇಂಟರ್ನೆಟ್ ತಂತಿಯೂ ಬಂದಿಲ್ಲ. ಹಂಚಿನ ಮಾಡಿನ ಪಕ್ಕದಲ್ಲಿರುವ ಡಿಶ್ ಒಂದೇ ಆಧಾರ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿರುವ ನಮ್ಮ ಅತ್ತೆಗೆ ಹಗಲು ಕಳೆಯುವುದೇ ಆ ಟಿವಿಯಿಂದ. ಮಳೆಗಾಲದಲ್ಲಿ ಮಾತನಾಡಿಸಲು ಒಂದು ನರಪಿಳ್ಳೆಯೂ ಬರದ ಜಾಗ ಇದು. ಕೆಲವು ವರ್ಷಗಳ ಹಿಂದೆ 250 ರೂಪಾಯಿಯೊಳಗೆ ಮುಗಿಯುತ್ತಿದ್ದ ರೀಚಾರ್ಜ್ ಈಗ 350 ದಾಟಿದೆ. ಚಾನೆಲ್ ಒಂದೂ ಹೆಚ್ಚಾಗಿಲ್ಲ.

ಕಳೆದ ಶ್ರಾವಣದಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಎಂದಿನಷ್ಟೇ ಹಣ ಹಾಕಿದ್ದೆವು. ದರ ಏರಿಸಿದ್ದು ನಮಗೆ ತಿಳಿದಿರಲಿಲ್ಲ. ಕೆಲವೇ ರೂಪಾಯಿ ಕಡಿಮೆ ಬಿತ್ತೆಂದು ರಾತ್ರೋರಾತ್ರಿ ಎಲ್ಲ ಚಾನೆಲ್‌ಗಳೂ ನಿಂತವು, ಚಾನೆಲ್ ಶುಲ್ಕವೇ ಇಲ್ಲದ ದೂರದರ್ಶನದ ಚಂದನವೂ ಸೇರಿ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಮ್ಮ ಯಜಮಾನರು ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ ಕಚ್ಚಿಸಿಕೊಂಡು ಮನೆ ಹಿಂದಿನ ಗುಡ್ಡ ಹತ್ತಿ ಫೋನ್ ಮಾಡಿದರು. ಮೊದಲು ಹಿಂದಿಯಲ್ಲಿ ಉತ್ತರ ಬಂತು. ಕನ್ನಡದವರು ಬೇಕೆಂದಾಗ ಬಹಳ ಹೊತ್ತು ಕಾಯಿಸಿದರು. ಕೊನೆಗೆ ಸಿಕ್ಕ ಹುಡುಗಿ ಹೇಳಿದ್ದು ಇಷ್ಟು: “ಸರ್, ಕಂಪನಿ ಸರ್ಕಾರಕ್ಕೆ ಕಟ್ಟಬೇಕಾದ ಹಳೇ ಬಾಕಿ, ಬಡ್ಡಿ ಎಲ್ಲ ಇದೆ, ಕೇಸೂ ನಡೆಯುತ್ತಿದೆ. ಅದಕ್ಕೇ ದರ ಬದಲಾಗಿದೆ.” ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಿಜ ಹೇಳಿದಳು. ಮೂರು ದಿನ ಖಾಲಿ ಪರದೆ ನೋಡುತ್ತ ಮಲಗಿದ್ದ ಅತ್ತೆಗೆ ಅದನ್ನು ಹೇಗೆ ವಿವರಿಸಬೇಕಿತ್ತು, ನೀವೇ ಹೇಳಿ.

ನಾವು ಕಟ್ಟುವುದು ಮುಂಗಡ ಹಣ. ಕೆಲವೇ ರೂಪಾಯಿ ಕಡಿಮೆ ಬಿದ್ದಾಗ ಒಂದು ದಿನದ ಸಾಲವನ್ನೂ ಕಂಪನಿ ನಮಗೆ ಕೊಡಲಿಲ್ಲ. ಆ ಮುಂಗಡದಲ್ಲೇ ಸರ್ಕಾರದ ಲೈಸೆನ್ಸ್ ಶುಲ್ಕದ ಪಾಲೂ ಇರುತ್ತದೆ. ಮೊದಲು ಆದಾಯದ ಶೇ 10ರಷ್ಟಿದ್ದ ಈ ಶುಲ್ಕವನ್ನು 2020ರ ಕೊನೆಯಲ್ಲಿ ಶೇ 8ಕ್ಕೆ ಇಳಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ಡಿಶ್ ಟಿವಿ ಕಂಪನಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ಬಡ್ಡಿ ಸೇರಿ 4,164 ಕೋಟಿ ರೂಪಾಯಿ ಕಟ್ಟಬೇಕೆಂಬ ನೋಟಿಸ್ ಹೋಯಿತು. ಲೆಕ್ಕ 2003ರಿಂದಲೂ ಬಾಕಿ! ಕಂಪನಿ ಆ ಮೊತ್ತವನ್ನು ಒಪ್ಪಿಲ್ಲ. ಅದರ ನ್ಯಾಯ ನ್ಯಾಯಾಲಯದಲ್ಲೇ ಆಗಲಿ. ನನ್ನ ಪ್ರಶ್ನೆ ಎಲ್ಲ ಕಂಪನಿಗಳಿಗೂ ಸೇರಿದ್ದು: ನಾವು ಸಮಯಕ್ಕೆ ಸರಿಯಾಗಿ ಕೊಟ್ಟ ಹಣವನ್ನು ಅವರು ಸಮಯಕ್ಕೆ ಸರಿಯಾಗಿ ಸರ್ಕಾರಕ್ಕೆ ಮುಟ್ಟಿಸದಿದ್ದರೆ, ಅದರ ಮೇಲೆ ಬೆಳೆದ ಬಡ್ಡಿಯನ್ನು ಮತ್ತೆ ನಮ್ಮಿಂದಲೇ ಏಕೆ ವಸೂಲು ಮಾಡಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನೀವು ಇನ್ನೆಷ್ಟು ವರ್ಷ ನೋಡುತ್ತಿರುತ್ತೀರಿ?

ಮೊಬೈಲ್ ವಿಷಯದಲ್ಲಿ ಇದನ್ನು ದೇಶವೇ ಕಂಡಿದೆ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಎಜಿಆರ್ ತೀರ್ಪು ಕೊಟ್ಟಿತು, ಅಂದರೆ ಕಂಪನಿಯ ಯಾವ ಯಾವ ಆದಾಯದ ಮೇಲೆ ಸರ್ಕಾರದ ಶುಲ್ಕ ಲೆಕ್ಕ ಹಾಕಬೇಕೆಂಬ ತೀರ್ಪು. ಕಂಪನಿಗಳ ತಲೆಯ ಮೇಲೆ ಬಂದ ಸುಮಾರು 92 ಸಾವಿರ ಕೋಟಿ ರೂಪಾಯಿಯಲ್ಲಿ ಮೂಲ ಶುಲ್ಕ ಕಾಲು ಭಾಗದಷ್ಟು ಮಾತ್ರ. ಉಳಿದದ್ದು ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ. ಡಿಸೆಂಬರ್ ಮೊದಲ ವಾರದಲ್ಲೇ ದೊಡ್ಡ ಕಂಪನಿಗಳೆಲ್ಲ ಒಂದರ ಹಿಂದೆ ಒಂದು ದರ ಏರಿಸಿದವು.

ದರದ ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. 2019ರಲ್ಲಿ ಜಾರಿಗೆ ಬಂದ ಆದೇಶದಲ್ಲಿ ನೆಟ್‌ವರ್ಕ್ ಶುಲ್ಕಕ್ಕೆ, ಅಂದರೆ ಚಾನೆಲ್ ದರವಲ್ಲದೆ ಸಂಪರ್ಕಕ್ಕೆಂದೇ ತಿಂಗಳಿಗೆ ಕಟ್ಟುವ ಹಣಕ್ಕೆ, 130 ರೂಪಾಯಿಯ ಮಿತಿ ಹಾಕಿದವರು ನೀವೇ. ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಎಂದು ಆಗ ಹಳ್ಳಿಹಳ್ಳಿಯಲ್ಲೂ ಬಾಯಿಪಾಠವಾಗಿತ್ತು. 2024ರ ಜುಲೈ 8ರ ತಿದ್ದುಪಡಿಯಲ್ಲಿ ಆ ಮಿತಿಯನ್ನು ತೆಗೆದುಹಾಕಿದವರೂ ನೀವೇ. ನಿಯಮ ಮುರಿದ ಕಂಪನಿಗಳಿಗೆ ಹಣದ ದಂಡ ವಿಧಿಸುವ ವ್ಯವಸ್ಥೆ ಬಂದದ್ದೂ ಅದೇ ತಿದ್ದುಪಡಿಗಳಲ್ಲಿ. ದಂಡವನ್ನೂ ಹಾಕಿ, ಅದನ್ನು ನಮ್ಮಿಂದ ವಸೂಲು ಮಾಡುವ ದಾರಿಯನ್ನೂ ಒಟ್ಟಿಗೇ ತೆರೆದುಕೊಟ್ಟರೆ ಆ ದಂಡ ಯಾರಿಗೆ ತಟ್ಟುತ್ತದೆ? ಪೈಪೋಟಿಯೇ ದರವನ್ನು ಹಿಡಿದಿಡುತ್ತದೆ ಎಂಬ ಮಾತು ಊರಿಗೆ ನಾಲ್ಕು ಕೇಬಲ್‌ನವರಿರುವ ಪೇಟೆಗೆ ಸರಿ. ನಮ್ಮಂಥವರು ಕಂಪನಿ ಬದಲಿಸಬೇಕೆಂದರೆ ಬಾಕ್ಸ್ ಹೊಸದು, ಡಿಶ್ ಜೋಡಿಸುವವನ ಕೂಲಿ ಬೇರೆ, ಅವನು ಬರುವ ದಾರಿ ಕಾಯುವುದು ಇನ್ನೂ ಬೇರೆ.

ಹೊಸ ತತ್ವವನ್ನೇನೂ ನಾನು ಕೇಳುತ್ತಿಲ್ಲ. ಕಾನೂನು ಮುರಿದದ್ದಕ್ಕೆ ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮು ಹೇಳಿತ್ತು. ಖಜಾನೆಗೆ ನಷ್ಟವಾಗಬಾರದೆಂದು ಸರ್ಕಾರ ಅಷ್ಟು ಎಚ್ಚರ ವಹಿಸಿದೆ. ಚಂದಾದಾರರ ಮಟ್ಟಿಗೆ ಆ ಎಚ್ಚರ ಎಲ್ಲಿದೆ? ಕಂಪನಿಗಳ ಅನ್ಯಾಯದ ವ್ಯಾಪಾರ ತಡೆಯುವ ಸ್ಪರ್ಧಾ ಆಯೋಗ ವಿಧಿಸುವ ದಂಡವೂ ಭಾರತದ ಸಂಚಿತ ನಿಧಿಗೇ ಹೋಗುತ್ತದೆ. ಮೋಸ ಹೋದ ಗ್ರಾಹಕನ ಕೈಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಬರುವುದು ಹೆಚ್ಚಿನ ಬಿಲ್ಲು ಮಾತ್ರ.

ಲೈಸೆನ್ಸ್ ಶುಲ್ಕವನ್ನು ಶೇ 3ಕ್ಕೆ ಇಳಿಸಿ, ಮುಂದೆ ಪೂರ್ತಿ ತೆಗೆದುಬಿಡಿ ಎಂದು 2023ರಲ್ಲಿ ನಿಮ್ಮ ಪ್ರಾಧಿಕಾರವೇ ಸರ್ಕಾರಕ್ಕೆ ಶಿಫಾರಸು ಮಾಡಿತು. ಕಂಪನಿಗಳ ಕಷ್ಟ ನಿಮಗೆ ಅರ್ಥವಾಗಿದೆ, ಸಂತೋಷ. ನಮ್ಮ ಕಷ್ಟಕ್ಕೂ ಒಂದು ಆದೇಶ ಬೇಕು. ದಂಡ, ಬಡ್ಡಿ, ವ್ಯಾಜ್ಯದ ಖರ್ಚು ಕಂಪನಿಯ ಲಾಭದಿಂದ, ಷೇರುದಾರರ ಪಾಲಿನಿಂದ ಹೋಗಬೇಕು. ದರ ಏರಿಸುವಾಗ ಅವು ಅದರಲ್ಲಿ ಸೇರಿಲ್ಲ ಎಂದು ಲೆಕ್ಕ ಪರಿಶೋಧಕರ ಪ್ರಮಾಣಪತ್ರವನ್ನು ಕಂಪನಿ ನಿಮಗೆ ಸಲ್ಲಿಸಬೇಕು. ಅಲ್ಲಿಯವರೆಗೆ ನೆಟ್‌ವರ್ಕ್ ಶುಲ್ಕದ ಮಿತಿಯನ್ನು ಮರಳಿ ತನ್ನಿ.

ಬಿಡಿ ಗ್ರಾಹಕರ ದೂರು ವಿಚಾರಿಸುವ ಅಧಿಕಾರ ಪ್ರಾಧಿಕಾರಕ್ಕಿಲ್ಲ, ದೂರು ನೋಡಿಕೊಳ್ಳುವ ಕಂಪನಿಯ ನೋಡಲ್ ಅಧಿಕಾರಿಯನ್ನು ಕೇಳಿ ಎಂಬ ಉತ್ತರವನ್ನು ದಯವಿಟ್ಟು ಕಳುಹಿಸಬೇಡಿ. ಆ ಅಧಿಕಾರಿ ಕೊಟ್ಟ ದೂರು ಸಂಖ್ಯೆ ನನ್ನ ಬಳಿ ಇದೆ, ಅದರಿಂದ ಏನೂ ಆಗಿಲ್ಲ. ನಾನು ನನ್ನ ಮನೆಯ ನೂರು ರೂಪಾಯಿ ವಾಪಸು ಕೇಳುತ್ತಿಲ್ಲ. ಕಂಪನಿಗಳ ದಂಡವನ್ನು ಚಂದಾದಾರರ ದರಕ್ಕೆ ಸೇರಿಸಕೂಡದೆಂಬ ಆದೇಶ ಕೇಳುತ್ತಿದ್ದೇನೆ. ಆ ಆದೇಶ ಹೊರಡಿಸುವ ಅಧಿಕಾರ ನಿಮಗಿದೆ. ಮುಂದಿನ ದರ ಏರಿಕೆಗೆ ಮೊದಲೇ ಹೊರಡಿಸಿ.

ಇತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಡಿಟಿಎಚ್ ಚಂದಾದಾರಳು